ಒಂದು ದವಡೆ ಹಲ್ಲಿನ ಜಾಗಕ್ಕೆ ಬಂದ ವಸ್ತುಗಳು

ರೂಟ್ ಕೆನಾಲ್ ಆಗಿ ಎಷ್ಟೋ ವರ್ಷ ಕಳೆದಿದ್ದ ನನ್ನ ಕೆಳದವಡೆಯ ಹಲ್ಲಿಗೆ ನೋವೇನೂ ಇರಲಿಲ್ಲ. ಅದರ ಬುಡದ ಒಸಡಿನ ಮೇಲೆ ಮಾತ್ರ ಒಂದು ಸಣ್ಣ ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ದಂತವೈದ್ಯರು ಮಿಲಿಮೀಟರ್ ಗೆರೆಗಳಿರುವ ಮೊಂಡು ಸಲಾಕೆಯೊಂದನ್ನು ಒಸಡಿನ ಅಂಚಿನಲ್ಲಿ ಊರುತ್ತ ಹಲ್ಲಿನ ಸುತ್ತ ಬಂದರು. ಎರಡು, ಮೂರು, ಎರಡು, ಮೂರು ಎಂದು ಸಹಾಯಕಿಗೆ ಹೇಳುತ್ತಿದ್ದವರು ಒಂದು ಕಡೆ ತಡೆದು ‘ಒಂಬತ್ತು’ ಎಂದರು. ಅದರ ಆಚೆ ಈಚೆ ಮತ್ತೆ ಮೂರೇ. ಒಸಡಿನ ಕಾಯಿಲೆಯಾದರೆ ಆಳ ಅಗಲವಾಗಿ ಹರಡಿರುತ್ತದೆ. ಹೀಗೆ ಒಂದೇ ಜಾಗದಲ್ಲಿ ಇಕ್ಕಟ್ಟಾಗಿ ಇಳಿದರೆ ಬೇರು ಉದ್ದಕ್ಕೆ ಸೀಳಿದೆ ಎಂಬ ಅನುಮಾನ ಬಲವಾಗುತ್ತದೆ. ಹಾಗೆ ಸೀಳಿದ ಬೇರನ್ನು ಅಂಟಿಸಿ ನೆಚ್ಚಿಕೆಯಿಂದ ಉಳಿಸುವ ವಿಧಾನ ಇಲ್ಲ. ಹಲ್ಲು ಕೀಳಬೇಕು ಎಂದರು.

ಉದ್ಯೋಗದಿಂದ ನಾನು ಲೋಹಗಳ ಜೊತೆ ಏಗುವ ಎಂಜಿನಿಯರ್. ಯಾವ ವಸ್ತು ಎಲ್ಲಿ, ಯಾಕೆ ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಮುಂದಿನ ವರ್ಷವಿಡೀ ನಾನು ಆ ವೈದ್ಯರನ್ನು ಕೇಳಿದ್ದೂ ಅದನ್ನೇ. ಅವರು ಬೇಸರಪಡದೆ ಉತ್ತರಿಸಿದರು, ಕೆಲವೊಮ್ಮೆ ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ.

ಕಿತ್ತ ಹಲ್ಲನ್ನು ಸ್ಟೀಲಿನ ತಟ್ಟೆಯಲ್ಲಿ ನನಗೆ ತೋರಿಸಿದರು. ಇಡಿಯಾಗಿ ಎಳೆದಿರಲಿಲ್ಲ, ಎರಡು ಬೇರುಗಳನ್ನು ಮಧ್ಯದಲ್ಲಿ ಕತ್ತರಿಸಿ ಬೇರೆ ಬೇರೆಯಾಗಿ ಎಬ್ಬಿದ್ದರು. ಸುತ್ತಲಿನ ಮೂಳೆಯ ಗೋಡೆ ಒಡೆಯಬಾರದು ಎಂಬುದು ಅದರ ಉದ್ದೇಶ. ಒಂದು ಬೇರಿನ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ, ಅದರೊಳಗಿಂದ ಇಣುಕುವ ಗುಲಾಬಿ ಬಣ್ಣದ ಎಳೆ. ಅದು ಗಟಾ ಪರ್ಚಾ. ಪಲಾಕ್ವಿಯಂ ಜಾತಿಯ ಮರಗಳ ಹಾಲಿನಿಂದ ಬರುವ, ರಬ್ಬರಿನ ದಾಯಾದಿಯಂಥ ವಸ್ತು. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸುತ್ತಿದ್ದದ್ದು ಇದನ್ನೇ. ತಂತಿಗಳಿಗೆ ಆಮೇಲೆ ಪ್ಲಾಸ್ಟಿಕ್ ಬಂತು, ಬೇರಿನ ಕಾಲುವೆ ತುಂಬಲು ಇವತ್ತಿಗೂ ಇದೇ. ಕಡ್ಡಿಯ ಬಹುಪಾಲು ಸತುವಿನ ಆಕ್ಸೈಡ್, ಮರದ ಅಂಶ ಐದನೇ ಒಂದು ಪಾಲಿನಷ್ಟು. ಇದರ ದೊಡ್ಡ ಗುಣ ಏನೂ ಮಾಡದೆ ಇರುವುದು: ದೇಹದೊಂದಿಗೆ ಜಗಳವಿಲ್ಲ, ನಂಟೂ ಇಲ್ಲ. ಬೇಕಾದರೆ ಬಿಸಿ ಮಾಡಿ, ದ್ರಾವಕ ಹಾಕಿ ಹೊರತೆಗೆಯಬಹುದು. ಹಲ್ಲಿನ ವಸ್ತುಗಳೆಂದರೆ ಹೀಗೆ ಸುಮ್ಮನಿರಬೇಕಾದವು ಎಂದೇ ನಾನು ತಿಳಿದಿದ್ದೆ. ಖಾಲಿಯಾಗುವ ಗುಳಿಗೆ ಏನು ತುಂಬುತ್ತೇವೆ ಎಂದು ವೈದ್ಯರು ವಿವರಿಸತೊಡಗಿದಾಗ ವಿಷಯ ಬೇರೆಯಾಯಿತು.

ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ, ಅದು ಸವೆಯತೊಡಗುತ್ತದೆ. ಮೊದಲ ಒಂದು ವರ್ಷದಲ್ಲಿ ದವಡೆಯ ಆ ಮೂಳೆಯ ದಿಂಡಿನ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಆ ಇಳಿತದ ಮೂರರಲ್ಲಿ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಮುಂದೆ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಹಾಕಿಸುವುದಿದ್ದರೆ ಗುಳಿಯನ್ನು ಈಗಲೇ ತುಂಬಿಡುವುದು ಲೇಸು. ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಡ್ಜ್ ಮಾಡಿಸಬಹುದಿತ್ತು, ಆದರೆ ಅದಕ್ಕೆ ಎರಡೂ ಪಕ್ಕದ ಹಲ್ಲುಗಳನ್ನು ಅರೆಯಬೇಕು. ನಾನು ಒಪ್ಪಲಿಲ್ಲ.

ಈ ಚರ್ಚೆ ನಡೆದದ್ದು ಹಲ್ಲು ಕೀಳುವ ಮೊದಲೇ, ಒಪ್ಪಿಗೆ ಪತ್ರದ ಮುಂದೆ ಕೂತು. ಮೂಳೆಯ ಪುಡಿ ನಾಲ್ಕು ಮೂಲಗಳಿಂದ ಬರಬಹುದಂತೆ: ನಿಮ್ಮದೇ ದೇಹದ ಬೇರೆ ಕಡೆಯಿಂದ, ಮತ್ತೊಬ್ಬ ಮನುಷ್ಯನಿಂದ, ಪ್ರಾಣಿಯಿಂದ, ಇಲ್ಲವೇ ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಕ್ಯಾಲ್ಸಿಯಂ ಫಾಸ್ಫೇಟ್. ‘ನಾನು ಹೆಚ್ಚಾಗಿ ಬಳಸುವುದು ದನದ ಮೂಳೆಯಿಂದ ಮಾಡಿದ್ದನ್ನು, ಮೇಲೆ ಮುಚ್ಚುವ ಪೊರೆ ಹಂದಿಯ ಕೊಲಾಜೆನ್ ಎಂಬ ಪ್ರೋಟೀನಿನದು. ಕೆಲವರಿಗೆ ನಂಬಿಕೆಯ ಕಾರಣಕ್ಕೆ ಬೇಡ, ಕೆಲವರಿಗೆ ಪ್ರಾಣಿಮೂಲ ಎನ್ನುವ ಕಾರಣಕ್ಕೇ ಬೇಡ. ಹೇಳಿದರೆ ಬೇರೆ ವ್ಯವಸ್ಥೆ ಮಾಡೋಣ’ ಎಂದರು. ಕೇಳದೆಯೇ ಇದನ್ನು ಹೇಳುವ ವೈದ್ಯರು ಎಷ್ಟಿದ್ದಾರೋ ಕಾಣೆ. ಹೇಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಯೊಳಗೆ ಹೊಲಿದು ಮುಚ್ಚಿದ ಮೇಲೆ ಗೊತ್ತಾಗುವ ಸಂಗತಿ ಇದಲ್ಲ. ನಾನು ಅವರು ಹೇಳಿದ್ದಕ್ಕೇ ಸಹಿ ಹಾಕಿದೆ.

ಪುಟ್ಟ ಗಾಜಿನ ಶೀಶೆಯಲ್ಲಿ ಬಂದದ್ದು ಬಿಳಿಯ ಒರಟು ಹರಳು, ಒಂದೊಂದೂ ಮಿಲಿಮೀಟರಿಗಿಂತ ಸಣ್ಣದು. ದನದ ಮೂಳೆಯಿಂದ ಪ್ರೋಟೀನ್, ಕೊಬ್ಬು, ಜೀವಕೋಶ ಎಲ್ಲವನ್ನೂ ಕಳೆದು ಖನಿಜವನ್ನಷ್ಟೇ ಉಳಿಸಿಕೊಂಡಿರುತ್ತಾರೆ. ಮೂಳೆಯಲ್ಲಿದ್ದ ಸೂಕ್ಷ್ಮ ರಂಧ್ರಗಳ ಜಾಲ ಮಾತ್ರ ಹಾಗೆಯೇ ಇರುತ್ತದೆ, ಬೇಕಾದದ್ದು ಅದೇ. ನನ್ನ ರಕ್ತದಲ್ಲಿ ನೆನೆಸಿದಾಗ ಹರಳು ಕೆಂಪಗಿನ ಒದ್ದೆ ಮರಳಾಯಿತು. ಬಳ್ಳಿಗೆ ಚಪ್ಪರ ಹಾಕಿದ ಹಾಗೆ ಇದರ ಕೆಲಸ: ಗುಳಿಯ ಗೋಡೆಗಳಿಂದ ಹೊರಟ ರಕ್ತನಾಳಗಳೂ ಮೂಳೆ ಕಟ್ಟುವ ಕೋಶಗಳೂ ಈ ಹರಳುಗಳ ಮೇಲೆ ಹಬ್ಬಬೇಕು. ಒತ್ತಿ ತುಂಬಿದರೆ ಹಬ್ಬಲು ಸಂದು ಸಿಗುವುದಿಲ್ಲವಾದ್ದರಿಂದ ಅವರು ಹಗುರವಾಗಿ ಇಳಿಬಿಟ್ಟು, ಗುಳಿಯ ಬಾಯಿಯ ಮಟ್ಟಕ್ಕೆ ನಿಲ್ಲಿಸಿದರು.

ಮೇಲೆ ಪೊರೆ. ಒಣಗಿದ್ದಾಗ ದಪ್ಪ ಕಾಗದದಂತಿದ್ದದ್ದು ಒದ್ದೆಯಾದೊಡನೆ ಮೆತ್ತಗಾಗಿ ಗುಳಿಯ ಅಂಚಿಗೆ ಅಂಟಿಕೊಂಡಿತು. ಇದರ ಹಿಂದಿನ ತರ್ಕ ನನಗೆ ಬಹಳ ಹಿಡಿಸಿತು. ಗಾಯ ಮಾಯುವಾಗ ಒಸಡಿನ ಕೋಶಗಳು ಬಹಳ ಚುರುಕು, ಮೂಳೆಯವು ನಿಧಾನ. ತಡೆಯಿಲ್ಲದಿದ್ದರೆ ಒಸಡು ಮೊದಲು ಬಂದು ಗುಳಿಯೊಳಗೆ ಇಳಿದು ಕೂರುತ್ತದೆ, ಮೂಳೆ ಬರುವ ಹೊತ್ತಿಗೆ ಜಾಗವಿಲ್ಲ. ಪೊರೆ ಔಷಧಿಯಲ್ಲ, ಅದರಿಂದ ಏನೂ ಒಸರಬೇಕಾಗಿಯೂ ಇಲ್ಲ. ಕೆಲವು ವಾರ ವೇಗದವರನ್ನು ಹೊರಗೆ ನಿಲ್ಲಿಸಿಟ್ಟರೆ ಸಾಕು. ಆಮೇಲೆ ದೇಹದ ಕಿಣ್ವಗಳು ಅದನ್ನೇ ಕರಗಿಸಿಬಿಡುತ್ತವೆ. 1982ರಲ್ಲಿ ಸ್ಟೂರೆ ನೈಮನ್ ಮತ್ತು ಸಂಗಡಿಗರು ಈ ತತ್ವವನ್ನು ಮನುಷ್ಯರ ಹಲ್ಲಿನ ಮೇಲೆ ಮೊದಲು ತೋರಿಸಿದಾಗ ಬಳಸಿದ್ದು ಪ್ರಯೋಗಾಲಯದ ಸೋಸುಕಾಗದ. ಅದು ಕರಗುವಂಥದ್ದಲ್ಲ. ಅಂಥದ್ದನ್ನು ಇನ್ನೊಮ್ಮೆ ಒಸಡು ತೆರೆದು ತೆಗೆಯಬೇಕಿತ್ತು.

ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಮಾಡುವ ಪಿಆರ್‌ಎಫ್ ಎಂಬ ಪೊರೆಯ ಬಗ್ಗೆಯೂ ಕೇಳಿದೆ. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಪರಿಚಯಿಸಿದ ವಿಧಾನವಿದು. ರಕ್ತಕ್ಕೆ ಏನನ್ನೂ ಬೆರೆಸುವುದಿಲ್ಲ, ನಳಿಗೆಯಲ್ಲಿ ತಾನಾಗಿ ಹೆಪ್ಪುಗಟ್ಟಿದ ಹಳದಿ ಲೋಳೆಯನ್ನು ಒತ್ತಿ ಪೊರೆಯಾಗಿಸುತ್ತಾರೆ. ‘ಒಸಡು ಬೇಗ ಮಾಯಲು ನೆರವಾಗುತ್ತದೆ, ಮೂಳೆಯನ್ನೇ ಬೆಳೆಸುತ್ತದೆ ಎನ್ನುವಷ್ಟು ಗಟ್ಟಿ ಪುರಾವೆ ನನಗೆ ಕಾಣಿಸಿಲ್ಲ’ ಎಂದರು ವೈದ್ಯರು. ನನ್ನ ವಿಷಯದಲ್ಲಿ ಬಳಸಲಿಲ್ಲ.

ಹೊಲಿಗೆಯ ದಾರ ಬಿಳಿಯ ಪಿಟಿಎಫ್‌ಇ, ಅಂದರೆ ಟೆಫ್ಲಾನ್. ರೇಷ್ಮೆ ದಾರ ಬತ್ತಿಯ ಹಾಗೆ ಎಂಜಲನ್ನೂ ಅದರ ಜೊತೆ ಬ್ಯಾಕ್ಟೀರಿಯಾವನ್ನೂ ಒಳಗೆಳೆದುಕೊಳ್ಳುತ್ತದೆ, ಇದು ಎಳೆದುಕೊಳ್ಳುವುದಿಲ್ಲ.

ಮೊದಲ ವಾರ ನಾಲಗೆಗೆ ಆಗಾಗ ಉಪ್ಪಿನ ಕಲ್ಲಿನಂಥ ಕಾಳು ತಗಲುತ್ತಿತ್ತು. ರುಚಿಯಿಲ್ಲ, ಹಲ್ಲಿನ ನಡುವೆ ಸಿಕ್ಕರೆ ಕರಕರ. ಇನ್ನೇನು ಎಲ್ಲವೂ ಹೊರಬಂದುಬಿಟ್ಟಿತೇ ಎಂದು ಗಾಬರಿಯಾಗಿ ಫೋನ್ ಮಾಡಿದೆ. ಮೇಲ್ಪದರದ ಕೆಲವು ಹರಳು ಉದುರುವುದು ಸಾಮಾನ್ಯ, ಕೀವು, ಜ್ವರ, ಹೆಚ್ಚುವ ನೋವು ಇದ್ದರೆ ಮಾತ್ರ ಬನ್ನಿ ಎಂದರು. ಯಾವುದೂ ಇರಲಿಲ್ಲ. ಹೀಗಾಗಬಹುದು ಎಂದು ಕೊಟ್ಟು ಕಳಿಸುವ ಸೂಚನೆಯ ಹಾಳೆಯಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟೋ ಜನರ ಒಂದು ರಾತ್ರಿಯ ನಿದ್ದೆ ಉಳಿದೀತು.

ಆಮೇಲೆ ಕಾಯುವ ತಿಂಗಳುಗಳು. ಆ ನಡುವೆ ಪಕ್ಕದ ಹಲ್ಲಿನ ಸರದಿ ಬಂತು. ಕಿತ್ತ ಹಲ್ಲಿಗೆ ಒತ್ತಿಕೊಂಡಿದ್ದ ಅದರ ಬದಿಯಲ್ಲಿ ಹುಳುಕಿತ್ತು. ಅಕ್ಕ ಮರೆಯಾದ ಮೇಲೆ ತಂಗಿಯ ಗುಟ್ಟು ಬಯಲಾಯಿತು ಎಂದು ವೈದ್ಯರು ನಕ್ಕರು. ಹುಳುಕು ತೆಗೆಯುತ್ತ ಹೋದಂತೆ ಕೊನೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ: ಹಲ್ಲಿನೊಳಗೆ ನರ, ರಕ್ತನಾಳಗಳಿರುವ ತಿರುಳು ತೆರೆದುಕೊಂಡಿತ್ತು. ಇನ್ನೊಂದು ರೂಟ್ ಕೆನಾಲ್ ಎಂದುಕೊಂಡೆ. ಅವರು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ನೆನೆಸಿದ ಹತ್ತಿಯನ್ನು ಅದರ ಮೇಲಿಟ್ಟು ಕೆಲವು ನಿಮಿಷ ಕಾದರು. ರಕ್ತ ನಿಂತಿತು. ನಿಲ್ಲದೆ ಜಿನುಗುತ್ತಲೇ ಇದ್ದಿದ್ದರೆ ತಿರುಳು ಒಳಗೇ ಕೆಟ್ಟಿದೆ ಎಂದು ಲೆಕ್ಕವಂತೆ. ‘ಸಿಮೆಂಟ್ ಹಾಕುತ್ತೇನೆ’ ಎಂದರು.

ಅಕ್ಷರಶಃ ಸಿಮೆಂಟೇ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅಭಿವೃದ್ಧಿಪಡಿಸಿ 1993ರಲ್ಲಿ ಬೆಳಕಿಗೆ ಬಂದ ಎಂಟಿಎ ಎಂಬ ವಸ್ತುವಿನ ತಳಹದಿ, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂಸ್ಕರಿಸಿದ ರೂಪ; ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಸೇರಿಸಿರುತ್ತಾರೆ. ಬಾಯೊಳಗಿನ ವಸ್ತುಗಳಲ್ಲಿ ಹೆಚ್ಚಿನವಕ್ಕೆ ಒದ್ದೆ ಎಂದರೆ ಆಗದು, ಇದಕ್ಕೆ ಗಟ್ಟಿಯಾಗಲು ನೀರೇ ಬೇಕು. ಎಂಟಿಎ ಗಟ್ಟಿಯಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಹಲ್ಲಿನ ಬಣ್ಣವನ್ನೂ ಮಂಕಾಗಿಸಬಹುದು. ನನಗೆ ಹಾಕಿದ್ದು ಅದರ ನಂತರದ ತಲೆಮಾರಿನ ಬಯೋಡೆಂಟಿನ್. ಕ್ಯಾಪ್ಸೂಲಿನ ಪುಡಿಗೆ ಐದು ಹನಿ ದ್ರವ ಬಿಟ್ಟು ಯಂತ್ರದಲ್ಲಿ ಮೂವತ್ತು ಸೆಕೆಂಡ್ ಕುಲುಕಿದರು. ಬೆಣ್ಣೆಯಷ್ಟು ಮೆತ್ತಗಿದ್ದದ್ದು ಹನ್ನೆರಡು ನಿಮಿಷದ ಆಸುಪಾಸಿನಲ್ಲಿ ಕಲ್ಲಾಯಿತು.

ಇಲ್ಲಿ ನಡೆಯುವ ರಸಾಯನಶಾಸ್ತ್ರ ನನಗೆ ಗೊತ್ತಿದ್ದದ್ದೇ: ಟ್ರೈಕ್ಯಾಲ್ಸಿಯಂ ಸಿಲಿಕೇಟ್ ನೀರಿನೊಂದಿಗೆ ಸೇರಿ ಜೆಲ್ ಆಗುತ್ತದೆ, ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತದೆ, ಪಿಎಚ್ ಹನ್ನೆರಡರವರೆಗೆ ಏರುತ್ತದೆ. ಗೊತ್ತಿಲ್ಲದೆ ಇದ್ದದ್ದು, ಅಷ್ಟು ತೀಕ್ಷ್ಣವಾದ ಕ್ಷಾರ ತಾಗಿದ ತಿರುಳು ಸಾಯುವ ಬದಲು ಎಚ್ಚೆತ್ತು ಕೆಲಸಕ್ಕಿಳಿಯುತ್ತದೆ ಎಂಬುದು. ತಾಗಿದ ತೆಳು ಪದರವೇನೋ ಕೆಡುತ್ತದೆ. ಅದರಡಿಯ ಕೋಶಗಳು ಡೆಂಟಿನ್ ಎಂಬ ಹಲ್ಲಿನದೇ ಗಟ್ಟಿ ವಸ್ತುವನ್ನು ಸ್ರವಿಸಿ ತೂತಿಗೆ ಒಳಗಿನಿಂದಲೇ ಸೇತುವೆ ಕಟ್ಟುತ್ತವೆ. ಸಿಮೆಂಟ್ ಮುಚ್ಚಳ ಮಾತ್ರ, ರಿಪೇರಿ ಮಾಡುವುದು ಹಲ್ಲೇ. ಗುಳಿಯಲ್ಲಿದ್ದ ದನದ ಹರಳಿನದೂ ಇದೇ ಕಥೆಯಲ್ಲವೇ ಎಂದು ನನಗೆ ಹೊಳೆದದ್ದು ಆ ಕುರ್ಚಿಯಲ್ಲಿ. ದೇಹದೊಳಗೆ ಹಾಕುವ ಬಯೋಮೆಟೀರಿಯಲ್ ಎಂದರೆ ಸವೆದ ಭಾಗಕ್ಕೆ ಹಾಕುವ ಬದಲಿ ಭಾಗ ಎಂಬ ಕಾರ್ಖಾನೆಯ ಲೆಕ್ಕವನ್ನು ನಾನು ಅಲ್ಲಿಗೆ ಬಿಟ್ಟೆ. ‘ದೇಹಕ್ಕೆ ಹೊಂದುತ್ತದೆ’ ಎಂದು ಡಬ್ಬಿಯ ಮೇಲೆ ಬರೆದಿರುವುದೂ ಅರ್ಧ ಮಾತು. ಎಲ್ಲಿ, ಯಾವ ಕೆಲಸಕ್ಕೆ, ಎಷ್ಟು ಕಾಲ ಎಂಬುದು ಸೇರದ ಹೊರತು ಅದು ಪೂರ್ತಿಯಾಗದು.

ಸಿಮೆಂಟಿನ ಮೇಲಿನ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಫಿಲ್ಲಿಂಗ್ ಪರಿಚಿತ ಪ್ರಕ್ರಿಯೆ. ಆಸಿಡ್ ಸವರಿ ಎನಾಮಲ್ಲನ್ನು ತರಿತರಿ ಮಾಡಿ, ರಾಳ ಅದಕ್ಕೆ ಕಚ್ಚಿಕೊಳ್ಳುವಂತೆ ಮಾಡುವ ಉಪಾಯ 1955ರಲ್ಲಿ ಮೈಕೆಲ್ ಬ್ಯುವೊನೊಕೋರ್ ತೋರಿಸಿದ್ದು. ನೀಲಿ ಬೆಳಕಿಗೆ ಗಟ್ಟಿಯಾಗುವಾಗ ರಾಳ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಒಂದೇ ಸಲ ತುಂಬದೆ ಪದರ ಪದರವಾಗಿ ತುಂಬಿದರು. ಆ ಹಲ್ಲು ಈಗಲೂ ತಣ್ಣನೆಯ ಪರೀಕ್ಷೆಗೆ ಜುಮ್ಮೆನ್ನುತ್ತದೆ. ಜುಮ್ಮೆನ್ನಬೇಕು, ಅದು ಜೀವಂತ ಎಂಬುದಕ್ಕೆ ಅದೇ ಗುರುತು.

ಇಂಪ್ಲಾಂಟ್ ಕೂರಿಸುವ ಮೊದಲು ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯ ಮೂರು ಆಯಾಮದ ಎಕ್ಸ್‌ರೇ. ಕೆಳದವಡೆಯ ಒಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ, ಅದರಿಂದ ಕನಿಷ್ಠ ಎರಡು ಮಿಲಿಮೀಟರ್ ದೂರದಲ್ಲಿ ನಿಲ್ಲಬೇಕು. ಜಾಗವಿತ್ತು. ಕೊರೆಯುವಾಗ ನಿಧಾನದ ವೇಗ, ಧಾರೆಯಾಗಿ ತಣ್ಣನೆಯ ಉಪ್ಪುನೀರು. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಪೆಟ್ಟು. ಲೋಹ ಕೊರೆಯುವಾಗ ನಾವು ಕೂಲೆಂಟ್ ಬಿಡುವುದು ಉಪಕರಣ ಉಳಿಸಲು, ಇಲ್ಲಿ ಬಿಡುವುದು ಕೊರೆಸಿಕೊಳ್ಳುವವನನ್ನು ಉಳಿಸಲು. ನೋವಿಲ್ಲ, ತಲೆಬುರುಡೆಯೊಳಗೆ ಗುಂಯ್ ಎನ್ನುವ ನಡುಕ ಮಾತ್ರ. ಡ್ರಿಲ್ಲಿನ ಸುರುಳಿಯಲ್ಲಿ ಸಿಕ್ಕಿಕೊಂಡು ಬಂದ ಮೂಳೆಯ ಪುಡಿಯನ್ನು ಅವರು ಗಾಜಿನ ಮೇಲೆ ಹರಡಿ ತೋರಿಸಿದರು. ರಕ್ತ ತುಂಬಿದ ಗುಲಾಬಿ ಮೂಳೆಯ ನಡುವೆ ಅಲ್ಲಲ್ಲಿ ಬಿಳಿಯ ಹರಳು, ಉಗುರಿನಿಂದ ಕೆದಕಿದರೂ ಬಿಡದ ಹಾಗೆ ಹುದುಗಿತ್ತು. ಬಳ್ಳಿ ಹಬ್ಬಿದ ಮೇಲೂ ಈ ಚಪ್ಪರ ಕಳಚುವುದಿಲ್ಲ, ವರ್ಷಗಟ್ಟಲೆ ಮೂಳೆಯೊಳಗೇ ಇರುತ್ತದೆ. ಕೃತಕವಾದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗಿದ್ದರೆ ಬೇಗ ಕರಗುತ್ತಿತ್ತು. ಬೇಗ ಕರಗುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದಕ್ಕೆ, ಮೂಳೆ ಬರುವ ಮೊದಲೇ ಕರಗಿದರೆ ದಿಂಡು ಕುಸಿಯುತ್ತದೆ, ಆಕಾರ ಕಾಯಬೇಕಾದಲ್ಲಿ ನಿಧಾನವಾದದ್ದೇ ಬೇಕು ಎಂಬ ಉತ್ತರ ಬಂತು.

ಇಂಪ್ಲಾಂಟ್ ಟೈಟಾನಿಯಮ್ಮಿನ ಒಂದು ತಿರುಪು. ಹೊಳಪಿಲ್ಲ, ಸೀಸದ ಕಡ್ಡಿಯಂತೆ ಮಾಸಲು ಬೂದು. ಮರಳು ಬಡಿದು, ಆಸಿಡ್ಡಿನಲ್ಲಿ ಅದ್ದಿ ಮೇಲ್ಮೈಯನ್ನು ಬೇಕೆಂದೇ ಒರಟಾಗಿಸಿರುತ್ತಾರೆ, ನುಣುಪಿಗಿಂತ ಒರಟಿಗೆ ಮೂಳೆ ಚೆನ್ನಾಗಿ ಕಚ್ಚುತ್ತದೆ. ಟೈಟಾನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಹೊದಿಕೆ ಹೊದ್ದುಕೊಳ್ಳುತ್ತದೆ, ಗೀರಿದರೆ ಮತ್ತೆ ಹೊದ್ದುಕೊಳ್ಳುತ್ತದೆ. ದೇಹ ಮುಟ್ಟುವುದು ಲೋಹವನ್ನಲ್ಲ, ಆ ಹೊದಿಕೆಯನ್ನು. ಟೈಟಾನಿಯಮ್ಮನ್ನು ಮೂಳೆ ಹಿಡಿದುಕೊಳ್ಳುತ್ತದೆ ಎಂಬುದು ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್‌ಗೆ ಸಿಕ್ಕಿದ್ದು ಹಲ್ಲನ್ನು ಹುಡುಕುವಾಗಲ್ಲ. 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತದ ಹರಿವನ್ನು ನೋಡಲು ಟೈಟಾನಿಯಮ್ಮಿನ ಪುಟ್ಟ ಕಿಟಕಿ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಬರಲಿಲ್ಲ, ಮೂಳೆ ಅದನ್ನು ಹಿಡಿದುಬಿಟ್ಟಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಮೊದಲ ಇಂಪ್ಲಾಂಟ್‌ಗಳು ಬಂದವು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಈ ಉದಾಹರಣೆ ಹಿಡಿದು ‘ಜೀವಮಾನದ ಗ್ಯಾರಂಟಿ’ ಎಂದು ಮಾರುವವರಿದ್ದಾರೆ. ಒಬ್ಬರ ದವಡೆಯಲ್ಲಿ ನಾಲ್ಕು ದಶಕ ಬಾಳಿದ್ದು ಇನ್ನೊಬ್ಬರಿಗೆ ಬರೆದುಕೊಟ್ಟ ಪತ್ರವಲ್ಲ. ಬೀಡಿ ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಉಜ್ಜದ ಹಲ್ಲು, ಇವುಗಳ ಮುಂದೆ ಟೈಟಾನಿಯಮ್ಮಿನದೇನೂ ನಡೆಯುವುದಿಲ್ಲ.

ಕೂರಿಸಿದ ದಿನ ತಿರುಪಿನ ತಲೆಗೆ ಅಯಸ್ಕಾಂತದ ಪುಟ್ಟ ಗೂಟ ಸಿಕ್ಕಿಸಿ, ಮುಟ್ಟದೆಯೇ ಕಂಪಿಸುವಂತೆ ಮಾಡಿ ಭದ್ರತೆಯನ್ನು ಅಳೆದರು. ನೂರರ ಅಳತೆಯಲ್ಲಿ ಎಪ್ಪತ್ತು ದಾಟಿತ್ತು. ಹಾಗಾದರೆ ಇವತ್ತೇ ಕ್ಯಾಪ್ ಹಾಕಬಹುದಲ್ಲ ಎಂದೆ. ಈ ಬಿಗಿ ಬರೀ ಮರಕ್ಕೆ ಸ್ಕ್ರೂ ತಿರುಗಿಸಿದ ಬಿಗಿ ಎಂದರು ಅವರು. ಮುಂದಿನ ವಾರಗಳಲ್ಲಿ ಕೊರೆತದ ಅಂಚಿನ ಹಳೆಯ ಮೂಳೆಯನ್ನು ದೇಹ ತಿಂದು ತೆರವು ಮಾಡುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಮೂರ್ನಾಲ್ಕು ವಾರದ ಹೊತ್ತಿಗೆ ಭದ್ರತೆ ಇಳಿದು ಆಮೇಲೆ ಏರುತ್ತದೆ. ಏನೂ ನೋಯದ, ಎಲ್ಲ ಸರಿಹೋಯಿತು ಎನಿಸುವ ದಿನಗಳೇ ಅದು ಅತ್ಯಂತ ದುರ್ಬಲವಾಗಿರುವ ದಿನಗಳು. ಬೇರೆಯವರಿಗೆ ಅದೇ ದಿನ ಹಲ್ಲು ಕೂರಿಸುವುದುಂಟು, ಅದಕ್ಕೆ ತಕ್ಕ ಮೂಳೆ ಮತ್ತು ಕಚ್ಚುವ ಭಾರ ಬೀಳದಂಥ ಏರ್ಪಾಡು ಇರಬೇಕು. ದವಡೆ ಹಲ್ಲಿನ ಜಾಗದಲ್ಲಿ ಅವರು ಆ ಸಾಹಸಕ್ಕೆ ಇಳಿಯಲಿಲ್ಲ. ಕೆಲವು ತಿಂಗಳ ನಂತರ ಅಳೆದಾಗ ಸಂಖ್ಯೆ ಮೊದಲಿಗಿಂತ ಮೇಲಿತ್ತು.

ಕ್ಯಾಪ್ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯದ್ದು. ಬಾಯೊಳಗೆ ಕ್ಯಾಮೆರಾ ಆಡಿಸಿ ಅಳತೆ ತೆಗೆದರು, ಬಾಯಿ ತುಂಬ ಪೇಸ್ಟ್ ತುಂಬಿಸಿಕೊಂಡು ವಾಕರಿಕೆ ತಡೆಯುವ ಕಾಲ ಹೋಯಿತು. ಲ್ಯಾಬಿನಲ್ಲಿ ಜಿರ್ಕೋನಿಯಾವನ್ನು ಕಡೆಯುವುದು ಅದು ಸೀಮೆಸುಣ್ಣದಷ್ಟು ಮೆದುವಾಗಿರುವಾಗ, ಬೇಕಾದ್ದಕ್ಕಿಂತ ದೊಡ್ಡದಾಗಿ. ಆಮೇಲೆ 1500 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಸುಟ್ಟಾಗ ಪ್ರತಿ ಅಳತೆಯಲ್ಲೂ ಐದನೇ ಒಂದು ಭಾಗದಷ್ಟು ಕುಗ್ಗಿ ಸರಿಯಾದ ಗಾತ್ರಕ್ಕೆ ಬರುತ್ತದೆ. ಇದರ ಗಟ್ಟಿತನದ ಗುಟ್ಟು ಲೋಹದವರಿಗೂ ಹೊಟ್ಟೆಕಿಚ್ಚು ಹುಟ್ಟಿಸುವಂಥದ್ದು, 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ ಮತ್ತು ಸಂಗಡಿಗರು ವಿವರಿಸಿದ್ದು. ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸಿ, ಬಿಸಿಯಲ್ಲಿ ಮಾತ್ರ ಇರಬೇಕಾದ ಹರಳಿನ ರೂಪವನ್ನು ತಣ್ಣಗಿದ್ದಾಗಲೂ ಹಿಡಿದಿಟ್ಟಿರುತ್ತಾರೆ. ಬಿರುಕೊಂದು ಶುರುವಾದರೆ ಅದರ ತುದಿಯ ಹರಳುಗಳು ಹಳೆಯ ರೂಪಕ್ಕೆ ಜಿಗಿದು ಸುಮಾರು ನಾಲ್ಕು ಶೇಕಡಾ ಉಬ್ಬುತ್ತವೆ, ಬಿರುಕನ್ನು ಎರಡೂ ಕಡೆಯಿಂದ ಹಿಸುಕಿ ಮುಂದೆ ಹೋಗದಂತೆ ತಡೆಯುತ್ತವೆ.

ಕ್ಯಾಪನ್ನು ಅಂಟಿನಿಂದಲ್ಲ, ಸ್ಕ್ರೂನಿಂದ ಕೂರಿಸಿದರು. ಒಸಡಿನಡಿಗೆ ಜಾರಿ ಉಳಿದ ಅಂಟು ಇಂಪ್ಲಾಂಟ್ ಸುತ್ತಲಿನ ಮೂಳೆಯನ್ನು ತಿನ್ನಿಸುವ ಸೋಂಕಿಗೆ ದಾರಿ ಮಾಡುತ್ತದೆ. ಟಾರ್ಕ್ ರೆಂಚ್ ‘ಟಕ್’ ಎಂದಿತು, ಸ್ಕ್ರೂವಿನ ತಲೆಯ ಮೇಲೆ ಟೆಫ್ಲಾನ್ ಟೇಪು ತುರುಕಿ, ಮೇಲೆ ಕಾಂಪೋಸಿಟ್ ಮುಚ್ಚಿದರು. ನಲ್ಲಿಯ ತಿರುಪುಸುತ್ತಿಗೆ ಸುತ್ತುವ ಟೇಪಿನ ವಸ್ತುವೇ ಇದೂ. ಮುಂದೆ ಬಿಚ್ಚಬೇಕಾದರೆ ಸ್ಕ್ರೂವಿನ ತಲೆಗೆ ಏನೂ ಅಂಟಿರುವುದಿಲ್ಲ.

ಕಚ್ಚಿ ನೋಡಿಸಿದ್ದು ಬಹಳ ಹೊತ್ತು. ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ 0.2 ಮಿಲಿಮೀಟರ್‌ನಷ್ಟು ತೆಳುವಾದ ನಾರಿನ ಹಾಸಿದೆ. ಕಚ್ಚಿದಾಗ ಹಲ್ಲು ಅದರಲ್ಲಿ ಕೊಂಚ ಒತ್ತಿಕೊಳ್ಳುತ್ತದೆ, ಎಷ್ಟು ಒತ್ತಿತು ಎಂದು ಮೆದುಳಿಗೆ ಹೇಳುತ್ತದೆ. ಇಂಪ್ಲಾಂಟಿಗೆ ಆ ಹಾಸೂ ಇಲ್ಲ, ಆ ಸುದ್ದಿಯೂ ಇಲ್ಲ. ಹಾಗಾಗಿ ಮೆಲ್ಲಗೆ ಕಚ್ಚಿದಾಗ ತೆಳು ಲೋಹದ ಹಾಳೆ ಸರಕ್ಕನೆ ಜಾರಿ ಬರಬೇಕು, ಗಟ್ಟಿಯಾಗಿ ಕಚ್ಚಿದಾಗ ಮಾತ್ರ ಸಿಕ್ಕಿಕೊಳ್ಳಬೇಕು, ಅಷ್ಟು ಸಂದು ಬಿಟ್ಟು ಅರೆದರು. ಅಗಿಯುವಾಗ ಆ ಜಾಗದಲ್ಲಿ ಸದ್ದು ಕೇಳುತ್ತದೆ, ಸ್ಪರ್ಶ ಮಂದ. ಇದಕ್ಕೆ ಒಗ್ಗಿಕೊಳ್ಳಲು ನನಗೆ ಕ್ಯಾಪ್ ಕೂರಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಯಾವ ಕಿರುಪುಸ್ತಿಕೆಯಲ್ಲೂ ಇದನ್ನು ನಾನು ಓದಿರಲಿಲ್ಲ.

ಕೊನೆಗೆ ಒಂದು ಕಾರ್ಡ್ ಕೊಟ್ಟರು. ಹರಳಿನ ಶೀಶೆ, ಪೊರೆ, ಇಂಪ್ಲಾಂಟ್, ಇವುಗಳ ಡಬ್ಬಿಯಿಂದ ಬಿಡಿಸಿದ ಚೀಟಿಗಳನ್ನು ಅದರ ಮೇಲೆ ಅಂಟಿಸಿದ್ದಾರೆ: ಹೆಸರು, ಅಳತೆ, ಲಾಟ್ ಸಂಖ್ಯೆ. ಕೊಡದಿದ್ದರೆ ಕೇಳಿ ಪಡೆಯಿರಿ, ಒಂದು ಫೋಟೊ ಫೋನಿನಲ್ಲೂ ಇರಲಿ. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಬಿಡಿಭಾಗ ಸಾಮಾನ್ಯವಾಗಿ ಹೊಂದುವುದಿಲ್ಲ. ಮುಂದೆ ಎಲ್ಲೋ ದೂರದಲ್ಲಿ ಸ್ಕ್ರೂ ಸಡಿಲವಾಗಿ ಬೇರೆ ವೈದ್ಯರ ಕುರ್ಚಿಯಲ್ಲಿ ಕೂತಾಗ, ಯಾವ ಡ್ರೈವರ್ ಹುಡುಕಬೇಕು ಎಂಬುದು ಅವರಿಗೆ ತಿಳಿಯುವುದು ಈ ಚೀಟಿಯಿಂದ.